ಧಾರವಾಡದ ತಾಟು: ಯಾರಿಗೆ ಯಾವುದು ಒಗ್ಗೀತು?

ಮಲೆನಾಡಿನ ಸೆರಗು ಮುಗಿದು ಬಯಲುಸೀಮೆ ಆರಂಭವಾಗುವ ಜಾಗದಲ್ಲಿ ಧಾರವಾಡವಿದೆ. ಪಡುವಣಕ್ಕೆ ಹಳಿಯಾಳದ ಹಾದಿ ಹಿಡಿದರೆ ಭತ್ತದ ಗದ್ದೆಗಳು. ಮೂಡಣಕ್ಕೆ ನವಲಗುಂದದ ಕಡೆ ಹೊರಟರೆ ಎರೆಮಣ್ಣಿನ ಜೋಳ, ಕಡಲೆಯ ಹೊಲಗಳು. ಅನ್ನದ ನಾಡೂ ರೊಟ್ಟಿಯ ನಾಡೂ ಕೂಡುವ ಈ ಊರಿಗೆ ವಿದ್ಯೆ ಅರಸಿ ಬರುವವರ ಸಾಲು ಹಳೆಯದು. 1917ರಲ್ಲಿ ಕರ್ನಾಟಕ ಕಾಲೇಜು, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ ಹುಟ್ಟಿಕೊಂಡವು. ಇಂದು ಸಪ್ತಾಪುರದ ಗಲ್ಲಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಬಾಡಿಗೆ ಕೋಣೆಗಳು. ಅವುಗಳ ನಡುವೆ ಖಾನಾವಳಿಗಳು.

ಮಧ್ಯಾಹ್ನವಾಯಿತೆಂದರೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ತಾಟಿನಲ್ಲಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಮೆಂತ್ಯ, ಉಳ್ಳಾಗಡ್ಡಿ, ಮೊಸರು. ಕೊನೆಗೆ ಅನ್ನ, ಸಾರು. "ತಮ್ಮಾ, ಇನ್ನೊಂದ ರೊಟ್ಟಿ ಹಾಕ್ಲೇನು?" ಎಂದು ಬಡಿಸುವ ಅಕ್ಕ ಕೇಳಿದಾಗ ಬೇಡ ಎನ್ನುವವರು ಕಡಿಮೆ.

ಆದರೂ ಮೊದಲ ತಿಂಗಳು ಹಲವರಿಗೆ ಕಷ್ಟದ ತಿಂಗಳೇ. ಕುಚ್ಚಲಕ್ಕಿ ಅನ್ನ ಉಂಡು ಬೆಳೆದ ಕರಾವಳಿಯ ಹುಡುಗನಿಗೆ ರೊಟ್ಟಿ ಹೊಟ್ಟೆಯಲ್ಲಿ ಕಲ್ಲಾಗಿ ಕೂರುತ್ತದೆ. ಹಾಸ್ಟೆಲಿನ ಅನ್ನ ಉಂಡ ವಿಜಯಪುರದ ಹುಡುಗಿಗೆ ರಾತ್ರಿ ಹತ್ತಕ್ಕೇ ಮತ್ತೆ ಹಸಿವು. ಒಬ್ಬ ಊಟ ಬಿಟ್ಟು ಬನ್ನು-ಚಹಾಕ್ಕೆ ಇಳಿದರೆ, ಇನ್ನೊಬ್ಬಳು ಗೆಳತಿಯ 'ಡಯಟ್' ಹಿಡಿಯುತ್ತಾಳೆ. ಓದಲು ಬಂದವರ ವರ್ಷ ಹಾಳಾಗುವುದು ಕೆಲವೊಮ್ಮೆ ಹೀಗೆಯೇ.

ತಪ್ಪು ರೊಟ್ಟಿಯದೂ ಅಲ್ಲ, ಅನ್ನದ್ದೂ ಅಲ್ಲ. ನಾರಿನಂಶ ಒಮ್ಮೆಲೇ ಹೆಚ್ಚಿದರೆ ಹೊಟ್ಟೆ ಉಬ್ಬರಿಸುವುದು ಸಹಜ. ಮೊದಲ ವಾರ ಒಂದೇ ರೊಟ್ಟಿ, ಕಾಳಿನ ಪಲ್ಯ ಸ್ವಲ್ಪವೇ, ನೀರು ಧಾರಾಳ. ಹೀಗೆ ಮೆಲ್ಲಗೆ ಏರಿಸಿದರೆ ಬಹುತೇಕರ ಹೊಟ್ಟೆ ಒಪ್ಪಿಕೊಳ್ಳುತ್ತದೆ. ಅನ್ನ ಉಣ್ಣುವವರೂ ಬೇಳೆ, ಕಾಳು, ತರಕಾರಿ ಹೆಚ್ಚಿಸಿಕೊಂಡರೆ ಹಸಿವು ಬೇಗ ಮರಳದು. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪ್ರೋಟೀನ್ ಅಂಶವನ್ನು ಕಾಳುಗಳು ತುಂಬಿಕೊಡುತ್ತವೆ. ರೊಟ್ಟಿಯ ಜೊತೆ ಕಾಳಿನ ಪಲ್ಯ ಇಟ್ಟ ಹಿರಿಯರ ಜಾಣ್ಮೆ ಅಲ್ಲಿದೆ. ಒಟ್ಟು ಶಕ್ತಿಯಲ್ಲಿ ಧಾನ್ಯದ ಪಾಲು ಶೇ 45ನ್ನು ಮೀರದಿರಲಿ ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುವುದೂ ಇದನ್ನೇ: ಧಾನ್ಯ ಯಾವುದಾದರೂ ಆಗಲಿ, ತಾಟಿನಲ್ಲಿ ಉಳಿದವುಗಳಿಗೂ ಜಾಗ ಬೇಕು.

ಒಬ್ಬೊಬ್ಬರಿಗೆ ಒಂದೊಂದು

ಈ ಬುನಾದಿಯ ಮೇಲೆ ಪ್ರತಿಯೊಬ್ಬರೂ ತಮ್ಮದನ್ನು ಕಂಡುಕೊಳ್ಳಬೇಕು. ಹಾಲು ಕುಡಿದರೆ ಹೊಟ್ಟೆ ಕೆಡುವವರಲ್ಲಿ ಎಷ್ಟೋ ಮಂದಿಗೆ ಮೊಸರು ಒಗ್ಗುತ್ತದೆ. ಹಾಲು ಬೇಡದವರಿಗೆ ರಾಗಿ ಇದೆ. ನೂರು ಗ್ರಾಮಿನಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ. ರಕ್ತಹೀನತೆಯಿರುವ ಹುಡುಗಿ ಊಟದ ಬೆನ್ನಿಗೇ ಚಹಾ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಚಹಾವನ್ನು ಒಂದು ತಾಸು ದೂರವಿಟ್ಟು ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚು.

ಕಂಡುಕೊಳ್ಳುವ ದಾರಿ ಸರಳ. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ವಾರದ ಗಡುವು, ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ನಾಲ್ಕು ಸಾಲು: ಏನು ಉಂಡದ್ದು, ಹೊಟ್ಟೆ ಹೇಗಿತ್ತು, ನಿದ್ದೆ ಹೇಗೆ ಬಂತು, ಮಧ್ಯಾಹ್ನದ ತರಗತಿಯಲ್ಲಿ ತೂಕಡಿಕೆ ಇತ್ತೇ? ನಾಲ್ಕನ್ನೂ ಒಮ್ಮೆಗೇ ಬದಲಿಸಿದವರಿಗೆ ಯಾವುದು ಒಗ್ಗಿತೆಂದು ತಿಳಿಯುವುದೇ ಇಲ್ಲ.

ಎಲ್ಲವನ್ನೂ ತಾಟಿನಲ್ಲೇ ಪರೀಕ್ಷಿಸಲಾಗದು. ಗೋಧಿ ತಿಂದರೆ ಕಾಯಿಲೆ ಬೀಳುವವರು ಗೋಧಿ ಬಿಡುವ ಮೊದಲೇ ವೈದ್ಯರನ್ನು ಕಾಣಬೇಕು. ಬಿಟ್ಟ ಮೇಲೆ ಮಾಡಿಸಿದ ರಕ್ತಪರೀಕ್ಷೆ ಸೀಲಿಯಾಕ್ ರೋಗವನ್ನು ಮರೆಮಾಚಬಹುದು. ಆ ರೋಗವಿದ್ದವರಿಗೆ ಜೋಳ ಸಲ್ಲುತ್ತದೆ, ಗೋಧಿಯ ಸೋಂಕು ತಗುಲದ ಹಿಟ್ಟಾಗಿರಬೇಕು ಅಷ್ಟೇ. 'ಸದಕ' ಗೋಧಿ ಮಾತ್ರ ಅವರಿಗೆ ಸಲ್ಲದು. ಹಳೆಯ ತಳಿಯಾದರೂ ಅದು ಗೋಧಿಯೇ. ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿತ ಕಂಡರಂತೂ ಪರೀಕ್ಷೆ ಮುಗಿಯಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಲೈನ್ ಬಜಾರಿನ ಪೇಡೆಗೂ ಈ ಲೆಕ್ಕದಲ್ಲಿ ಜಾಗವಿದೆ, ಹಬ್ಬಕ್ಕೊಂದು, ಫಲಿತಾಂಶಕ್ಕೊಂದು. ನಿತ್ಯದ ಊಟಕ್ಕೆ ಬದಲಾಗಿ ಅಲ್ಲ.

ಊರಿನಿಂದ ಫೋನು ಮಾಡುವ ಅಪ್ಪ-ಅಮ್ಮಂದಿರು "ಊಟ ಆಯ್ತಾ?" ಎಂದು ಕೇಳುತ್ತಾರೆ, ಆ ಕಡೆಯಿಂದ "ಹೂಂ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದರ ಜೊತೆಗೆ "ಏನು ಉಂಡೆ, ಒಗ್ಗಿತಾ?" ಎಂದು ಕೇಳಿದರೆ ಮಕ್ಕಳ ನಿಜವಾದ ಕ್ಷೇಮಸಮಾಚಾರ ತಿಳಿದೀತು.