ಬೂತಾಯಿ ಎಣಿಸುವವರು

ಬೂತಾಯಿ ಮೀನಿಗೆ ನಮ್ಮ ಕರಾವಳಿಯಲ್ಲಿ ಹೆಸರುಗಳು ಹಲವು. ಮಂಗಳೂರು, ಉಡುಪಿಗಳಲ್ಲಿ ಬೂತಾಯಿ. ಕುಂದಾಪುರದ ಕಡೆ ಬೈಗೆ. ಕಾರವಾರಕ್ಕೆ ಹೋದರೆ ತಾರ್ಲೆ. ಗಡಿ ದಾಟಿ ಕೇರಳಕ್ಕೆ ಕಾಲಿಟ್ಟರೆ ಮತ್ತಿ. ವಿಜ್ಞಾನಿಗಳು ಇಟ್ಟ ಹೆಸರು ಸಾರ್ಡಿನೆಲ್ಲ ಲಾಂಗಿಸೆಪ್ಸ್. ಈ ಕೊನೆಯ ಹೆಸರನ್ನು ಮಾತ್ರ ನಾನು ಪುಸ್ತಕದಿಂದ ಕಲಿತೆ. ಉಳಿದವನ್ನು ಕಲಿಸಿದವರು ಎಂಟು, ಒಂಬತ್ತನೆಯ ತರಗತಿಗಳ ಮಕ್ಕಳು. ಮೀನು ತಿನ್ನದ ಮನೆಯಲ್ಲಿ ಹುಟ್ಟಿ ಕಡಲತಡಿಯ ಶಾಲೆಗೆ ವಿಜ್ಞಾನದ ಮಾಸ್ತರನಾಗಿ ಹೋದವನಿಗೆ ಮಕ್ಕಳಲ್ಲದೆ ಬೇರೆ ಗುರುಗಳು ಯಾರಿದ್ದರು?

ಮೀನಿನ ಪಾಠ ಬಂದಾಗ ನಾನು ಮಕ್ಕಳಿಗೆ ಮನೆಯಿಂದ ಮೀನು ತರಲು ಹೇಳುತ್ತಿದ್ದೆ. ಆ ತರಗತಿಯಲ್ಲಿ ಕುಳಿತವರಿಗೆ ಅದರ ವಾಸನೆ ಇಂದಿಗೂ ನೆನಪಿರಬಹುದು! ಮೂಗು ಮುಚ್ಚಿಕೊಂಡು ಕಿಟಕಿಯ ಬಳಿಗೆ ಸರಿದವರು ಯಾರು ಯಾರೆಂಬುದು ನನಗೂ ನೆನಪಿದೆ. ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಅಳೆಯುವುದು, ಹೊಟ್ಟೆ ಸೀಳಿ ಮೊಟ್ಟೆಯಿದೆಯೇ ಎಂದು ನೋಡುವುದು, ತಲೆಯೊಳಗಿನ ಕಿವಿಯ ಕಲ್ಲನ್ನು ಹುಡುಕಿ ತೆಗೆಯುವುದು, ಇಷ್ಟೇ ನಮ್ಮ ಪ್ರಯೋಗ. ಮರದ ಕಾಂಡದಲ್ಲಿ ಉಂಗುರಗಳಿರುವಂತೆ ಆ ಪುಟ್ಟ ಕಲ್ಲಿನಲ್ಲಿಯೂ ಬೆಳವಣಿಗೆಯ ಪದರಗಳಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವನ್ನು ಎಣಿಸಿ ಮೀನಿನ ವಯಸ್ಸನ್ನು ತಿಳಿಯುತ್ತಾರೆ. ನಮ್ಮ ಶಾಲೆಯ ಸೂಕ್ಷ್ಮದರ್ಶಕಕ್ಕೆ ಅಷ್ಟು ಶಕ್ತಿಯಿರಲಿಲ್ಲ. ಆದರೂ ಮೀನಿನ ತಲೆಯಲ್ಲಿ ಅದರ ಜಾತಕವಿದೆ ಎಂಬ ಸುದ್ದಿ ಆ ದಿನ ಸಂಜೆಯೊಳಗೆ ಊರ ತುಂಬ ಹರಡುತ್ತಿತ್ತು.

ಒಂದೆರಡು ಸಲ ಮಕ್ಕಳನ್ನು ಬಂದರಿಗೂ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕೈಯಲ್ಲಿ ಪುಸ್ತಕ ಹಿಡಿದು ಬುಟ್ಟಿಗಳ ನಡುವೆ ಓಡಾಡುವ ಒಬ್ಬರು ಇರುತ್ತಿದ್ದರು. ಮೀನು ಕೊಳ್ಳುವವರಲ್ಲ, ಮಾರುವವರೂ ಅಲ್ಲ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯಿಂದ ಲೆಕ್ಕ ಬರೆದುಕೊಳ್ಳಲು ಬಂದವರು. 1947ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಮುಖ್ಯ ಕಚೇರಿ ಕೊಚ್ಚಿಯಲ್ಲಿದೆ. ನಮ್ಮ ಮಂಗಳೂರು, ಕಾರವಾರಗಳಲ್ಲಿಯೂ ಅದರ ಕೇಂದ್ರಗಳಿವೆ. ದೇಶದ ಎಲ್ಲ ದೋಣಿಗಳ ಮೀನನ್ನು ದಿನವೂ ಎಣಿಸುವುದು ಯಾರಿಂದಲೂ ಆಗದ ಕೆಲಸ. ಆದ್ದರಿಂದ ಕೆಲವು ಬಂದರುಗಳನ್ನೂ ಕೆಲವು ದಿನಗಳನ್ನೂ ಆರಿಸಿಕೊಂಡು, ಬಂದ ದೋಣಿಗಳಲ್ಲಿ ಕೆಲವನ್ನು ಮಾತ್ರ ಪರೀಕ್ಷಿಸಿ, ಅದರಿಂದ ಒಟ್ಟು ಮೊತ್ತವನ್ನು ಅಂದಾಜು ಮಾಡುತ್ತಾರೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕಲ್ಲವೇ? ಸಂಖ್ಯಾಶಾಸ್ತ್ರವೆಂದರೆ ಬೆದರುತ್ತಿದ್ದ ಮಕ್ಕಳು ಬುಟ್ಟಿಗಳ ಮುಂದೆ ನಿಂತು ಸರಾಸರಿಯನ್ನು ತಾವಾಗಿಯೇ ಲೆಕ್ಕ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂಥ ಲೆಕ್ಕದಿಂದ ಏನು ಪ್ರಯೋಜನವೆಂದು ಕೇಳುವವರು ಬೂತಾಯಿಯ ಕಥೆಯನ್ನು ಕೇಳಬೇಕು. ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಯ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇರುತ್ತದೆ. ಅದರಿಂದ ಕಣ್ಣಿಗೆ ಕಾಣದ ಸಸ್ಯಗಳು ಕಡಲಿನಲ್ಲಿ ಹುಲುಸಾಗಿ ಬೆಳೆಯುತ್ತವೆ. ಅವನ್ನು ಮೇಯುವ ಬೂತಾಯಿ ಆ ಹೊತ್ತಿನಲ್ಲಿಯೇ ಮೊಟ್ಟೆಯಿಡುತ್ತದೆ. ಸುಮಾರು ಒಂದು ವರ್ಷದಲ್ಲಿ ಮರಿ 15 ಸೆಂಟಿಮೀಟರಿನಷ್ಟಾಗಿ ತಾನೂ ಮೊಟ್ಟೆಯಿಡಲು ಸಿದ್ಧವಾಗುತ್ತದೆ. ಇದರ ಆಯುಸ್ಸೇ ಎರಡೂವರೆ ವರ್ಷದ ಆಸುಪಾಸು. ಒಂದು ಮಳೆಗಾಲ ಕೆಟ್ಟರೂ ಮುಂದಿನ ವರ್ಷದ ಬಲೆ ಹಗುರಾಗುತ್ತದೆ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನಷ್ಟು ಸಿಕ್ಕಿದ್ದ ಈ ಮೀನು 2021ರಲ್ಲಿ ಸಿಕ್ಕಿದ್ದು 3,297 ಟನ್ ಮಾತ್ರ! ಮರುವರ್ಷವೇ ಮತ್ತೆ ಲಕ್ಷ ಟನ್ ದಾಟಿತು. ಕಡಲಿನ ಬಿಸಿ, ಎಲ್ ನಿನೊ, ಮಿತಿಮೀರಿದ ಹಿಡಿತ ಇವೆಲ್ಲವೂ ಸೇರಿ ಹೀಗಾಯಿತೆಂದು ವಿಜ್ಞಾನಿಗಳು ಹೇಳುತ್ತಾರೆ. ಯಾವುದರ ಪಾಲೆಷ್ಟು ಎಂಬ ವಾದ ಬೇರೆ. ಮರಿಗಳನ್ನು ಹಿಡಿಯುವುದನ್ನು ನಿಲ್ಲಿಸುವುದಷ್ಟೇ ಮನುಷ್ಯನ ಕೈಯಲ್ಲಿರುವುದು.

ಹೇಳುವುದು ಸುಲಭ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪರ್ಸೀನ್ ಬೋಟಿನಲ್ಲಿ ತಂಡೇಲನಾಗಿದ್ದಾನೆ. ಕಿವಿಯ ಕಲ್ಲನ್ನು ಎಲ್ಲರಿಗಿಂತ ಬೇಗ ತೆಗೆಯುತ್ತಿದ್ದ ಹುಡುಗ ಅವನೇ. ಕೆಲವು ವರ್ಷಗಳ ಹಿಂದೆ ಬಂದರಿನಲ್ಲಿ ಸಿಕ್ಕಾಗ ಅವನ ಬೋಟಿನಿಂದ ಬೆರಳುದ್ದದ ಬೂತಾಯಿ ಮರಿಗಳು ಇಳಿಯುತ್ತಿದ್ದವು. ತಿನ್ನುವುದಕ್ಕಲ್ಲ, ಮೀನುಹುಡಿಯ ಕಾರ್ಖಾನೆಗೆ. "ಇಷ್ಟು ಸಣ್ಣದನ್ನು ಹಿಡಿಯಬಹುದೇನೋ?" ಎಂದೆ. ಅವನು ತಲೆ ತಗ್ಗಿಸಲಿಲ್ಲ. "ಮಾಷ್ಟ್ರೆ, ನಾ ಬಿಟ್ರೆ ಪಕ್ಕದ ಬೋಟಿನವ ಬಿಡ್ತನಾ? ಡೀಸಲ್ಲಿಗೆ ಸಾಲ ಕೊಟ್ಟವ ಬಿಡ್ತನಾ?" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕ ಬರೆಯುವವರು ದಿನಾ ಬರ್ತಾರೆ. ಲೆಕ್ಕ ಏನಾಯ್ತು ಅಂತ ಹೇಳುಕೆ ಯಾರೂ ಬರುದಿಲ್ಲ" ಎಂದೂ ಸೇರಿಸಿದ.

ಮೊದಲ ಮಾತಿಗೆ ಉತ್ತರ ಕಾನೂನಿನಲ್ಲಿದೆ. ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಡಿಯಬಾರದೆಂದು ಕೇರಳ 2015ರಲ್ಲಿ ನಿಯಮ ಮಾಡಿತು. ಮೊಟ್ಟೆಯಿಡುವ ಗಾತ್ರಕ್ಕಿಂತ ಈ 10 ಕಡಿಮೆಯೇ. ವಿಜ್ಞಾನವನ್ನೂ ಹೊಟ್ಟೆಪಾಡನ್ನೂ ತೂಗಿ ಮಾಡಿಕೊಂಡ ರಾಜಿ ಇದೆಂದು ನಾನು ತಿಳಿಯುತ್ತೇನೆ. ಮೀನಿಗೆ ತಲಪಾಡಿಯ ಗಡಿ ಗೊತ್ತಿಲ್ಲವಾದ್ದರಿಂದ ಒಂದು ರಾಜ್ಯದ ನಿಯಮ ಸಾಲದು. ಪಕ್ಕದ ಬೋಟಿನವನನ್ನೂ ಪಕ್ಕದ ರಾಜ್ಯದವನನ್ನೂ ಅದು ಒಂದೇ ಬಗೆಯಾಗಿ ಕಟ್ಟಿಹಾಕಬೇಕು.

ಎರಡನೆಯ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ಅದು ನಿಜ. ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿದ್ದ 1940ರ ದಶಕದಲ್ಲಿಯೂ ಎಳೆಯ ಬೂತಾಯಿಯನ್ನು ಹಿಡಿಯದಂತೆ ಸರಕಾರ ನಿರ್ಬಂಧ ಹೇರಿತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಡಬೇಕಾಯಿತು. ಅದೇ ಕಡಲಿನಲ್ಲಿ ಮಳೆಗಾಲದ ವಿರಾಮವನ್ನು ಜನರು ಯಾವ ಕಾನೂನೂ ಇಲ್ಲದೆ ತಲೆತಲಾಂತರದಿಂದ ಪಾಲಿಸಿಕೊಂಡು ಬಂದಿದ್ದರು! ನೂಲ ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ, ಹಾಲು ಅರ್ಪಿಸಿದ ಮೇಲೆಯೇ ದೋಣಿ ನೀರಿಗಿಳಿಯುತ್ತಿತ್ತು. ಬಿರುಗಾಳಿಯ ಭಯವೂ ಇತ್ತೆನ್ನಿ. ಆದರೂ ಮೀನು ಮೊಟ್ಟೆಯಿಡುವ ಕಾಲಕ್ಕೆ ಬಿಡುವು ಸಿಗುತ್ತಿತ್ತು. ಈಗ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ 61 ದಿನಗಳ ನಿಷೇಧ ಹೆಚ್ಚುಕಡಿಮೆ ಅದೇ ವಿರಾಮ. ಜನರಿಗೆ ಪರಿಚಯವಿದ್ದ ನಿಯಮ ಉಳಿಯಿತು, ಮೇಲಿನಿಂದ ಬಂದದ್ದು ಉಳಿಯಲಿಲ್ಲ. ಸಂಶೋಧಕರ ವರದಿಗಳು ಇಂಗ್ಲಿಷಿನಲ್ಲಿ ಅಚ್ಚಾಗಿ ಗ್ರಂಥಾಲಯ ಸೇರಿದರೆ ಸಾಲದು. ಬಂದರಿನ ಹರಾಜುಕಟ್ಟೆಯಲ್ಲಿ, ಮೀನುಗಾರರ ಸಂಘದ ಸಭೆಯಲ್ಲಿ, ಕಡಲತಡಿಯ ಶಾಲೆಗಳಲ್ಲಿ ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಅವನ್ನು ಓದಿ ಹೇಳಬೇಕು. ಕೊಟ್ಟ ಲೆಕ್ಕವನ್ನು ಕೇಳುವ ಹಕ್ಕು ಬುಟ್ಟಿ ತೋರಿಸಿದವನಿಗೆ ಇಲ್ಲವೇ?

ಆ ತಂಡೇಲನ ಮಗಳು ಈಗ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದುತ್ತಿದ್ದಾಳೆ. 1969ರಲ್ಲಿ ಆರಂಭವಾದ ಆ ಕಾಲೇಜು ದೇಶದಲ್ಲಿಯೇ ಈ ಬಗೆಯ ಮೊದಲನೆಯದು. ರಜೆಯಲ್ಲಿ ಮನೆಗೆ ಬಂದವಳು ಸ್ಕೇಲು ಹಿಡಿದುಕೊಂಡು ಬಂದರಿಗೆ ಹೋಗಿ ಅಪ್ಪನ ಬೋಟಿನ ಮೀನುಗಳನ್ನೇ ಅಳೆಯುತ್ತಾಳಂತೆ. ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಮಗಳಿಗೆ ಜಗಳ. "ಇಲಾಖೆಯವರನ್ನಾದ್ರೆ ಹೇಗಾದ್ರೂ ಸುಧಾರಿಸ್ಲಕ್ಕ್ ಮಾಷ್ಟ್ರೆ, ಇವಳನ್ನ್ ಸುಧಾರಿಸುಕಾತಿಲ್ಲ" ಎಂದು ಮೊನ್ನೆ ದೂರವಾಣಿಯಲ್ಲಿ ದೂರಿದ. ದನಿಯಲ್ಲಿ ಸಿಟ್ಟಿರಲಿಲ್ಲ.