ಚಾರ್ಜು ಉಳಿಸುವ ಸುಖ

ಎವರೆಸ್ಟ್ ಬೇಸ್ ಕ್ಯಾಂಪಿನವರೆಗೆ ನಡೆದು ಬಂದವರನ್ನು ಜನ ಕೇಳುವ ಮೊದಲ ಪ್ರಶ್ನೆ, ‘ಶಿಖರ ಕಾಣಿಸಿತೇ?’ ಕಾಣಿಸಿತು. ಚೆನ್ನಾಗಿಯೇ ಇತ್ತು. ಅದನ್ನು ವರ್ಣಿಸುವುದಕ್ಕೆ ನನಗಿಂತ ಸಮರ್ಥರು ಬೇಕಾದಷ್ಟು ಮಂದಿ ಇದ್ದಾರೆ. ಆ ದಾರಿಯಲ್ಲಿ ನನಗೆ ಹತ್ತಿದ ಹುಚ್ಚು ಬೇರೆ. ಬೆಳಿಗ್ಗೆ ಹೊರಟಾಗ ಫೋನಿನ ಮೂಲೆಯಲ್ಲಿ ಎಷ್ಟು ಪರ್ಸೆಂಟ್ ಇತ್ತು, ಸಂಜೆ ಮುಂದಿನೂರಿನ ಬೆಂಚಿನ ಮೇಲೆ ಬೆನ್ನಿನ ಗಂಟು ಇಳಿಸುವಾಗ ಎಷ್ಟು ಉಳಿದಿತ್ತು ಎಂಬ ಲೆಕ್ಕದ ಹುಚ್ಚು ಅದು. ನೂರರಲ್ಲಿ ಹೊರಟು ಎಂಬತ್ತನಾಲ್ಕರಲ್ಲಿ ಊರು ಮುಟ್ಟಿದೆನೋ, ಆ ದಿನ ಮೋಡ ಕವಿದು ಒಂದು ಶಿಖರವೂ ಕಾಣದಿದ್ದರೂ ನನಗೆ ಬೇಸರವಿಲ್ಲ. ಹೆಂಡತಿಗೆ ಇದು ಹಿಡಿಸುವುದಿಲ್ಲ. ‘ಅಷ್ಟು ದುಡ್ಡು ಸುರಿದು ಹೋಗಿ ಬ್ಯಾಟರಿ ನೋಡಿಕೊಂಡು ಬಂದ್ರಾ?’ ಎನ್ನುತ್ತಾಳೆ. ಹೌದೆನ್ನದೆ ವಿಧಿಯಿಲ್ಲ.

ಮನೆಯಲ್ಲಿ ಕರೆಂಟಿಗೆ ರುಚಿಯೇ ಇಲ್ಲ. ಗೋಡೆಯಲ್ಲಿ ಪ್ಲಗ್ ಇದೆ, ಚುಚ್ಚುತ್ತೇವೆ, ಮರೆಯುತ್ತೇವೆ. ಬೇಸಗೆಯಲ್ಲಿ ಎರಡು ತಾಸು ಹೋದರೆ ಲೈನ್‌ಮನ್‌ನನ್ನು ಬೈದು, ಬಂದ ಕೂಡಲೇ ಅವನನ್ನೂ ಮರೆಯುತ್ತೇವೆ. ನೇಪಾಳದ ಖುಂಬು ಕಣಿವೆಯಲ್ಲಿ ಹಾಗೆ ನಡೆಯುವುದಿಲ್ಲ. ಅಲ್ಲಿ ಟೀ ಹೌಸುಗಳ ಮೆನುವಿನಲ್ಲಿ ದಾಲ್ ಭಾತ್, ಮೊಮೊ, ಬೆಳ್ಳುಳ್ಳಿ ಸೂಪುಗಳೆಲ್ಲ ಮುಗಿದ ಮೇಲೆ ಕೊನೆಯ ಪುಟದಲ್ಲಿ ಬಿಸಿನೀರ ಸ್ನಾನ, ವೈಫೈ, ಫೋನ್ ಚಾರ್ಜು, ಪವರ್ ಬ್ಯಾಂಕ್ ಚಾರ್ಜು ಎಂದು ಒಂದೊಂದಕ್ಕೂ ದರ ಬರೆದಿರುತ್ತದೆ. ನಾನು ಮೆನುವನ್ನು ಉರ್ದು ಪುಸ್ತಕದ ಹಾಗೆ ಆ ತುದಿಯಿಂದಲೇ ಓದಲು ಶುರುಮಾಡುತ್ತಿದ್ದೆ. ಊಟ ಏನಾದರೂ ಆದೀತು.

ದಾರಿ ಏರಿದಂತೆ ಆ ದರವೂ ಏರುತ್ತದೆ. ವಿಮಾನ ಇಳಿಯುವ ಲುಕ್ಲಾ 2,860 ಮೀಟರ್ ಎತ್ತರದಲ್ಲಿದೆ. ಅಲ್ಲಿಯೂ, 3,440 ಮೀಟರಿನ ನಾಮ್ಚೆ ಬಜಾರಿನಲ್ಲಿಯೂ ಊಟ ಮಾಡಿದವರಿಗೆ ಎಷ್ಟೋ ಕಡೆ ಚಾರ್ಜು ಪುಕ್ಕಟೆ, ಇಲ್ಲದಿದ್ದರೆ ಅಲ್ಪಸ್ವಲ್ಪ. ಡಿಂಗ್‌ಬೊಚೆ ದಾಟಿದ ಮೇಲೆ ಪುಕ್ಕಟೆಯ ಮಾತಿಲ್ಲ. 5,164 ಮೀಟರಿನ ಗೋರಕ್‌ಶೆಪ್‌ನಲ್ಲಂತೂ ದೊಡ್ಡ ಪವರ್ ಬ್ಯಾಂಕ್ ತುಂಬಿಸಿಕೊಡಲು ಸಾವಿರ ನೇಪಾಳಿ ರೂಪಾಯಿಯ ಆಸುಪಾಸು ಕೇಳುತ್ತಾರೆ. ನಮ್ಮ ನೂರು ಅವರ ನೂರ ಅರವತ್ತು. ಹಾಗೆ ಭಾಗಿಸಿ ಸಮಾಧಾನ ಮಾಡಿಕೊಂಡರೂ ಆರುನೂರು ಚಿಲ್ಲರೆ ಆಯಿತು. ದುಬಾರಿ ಎಂದು ಗೊಣಗುವವರನ್ನು ಬಹಳ ಕಂಡೆ. ನಾನು ಗೊಣಗಲಿಲ್ಲ. ರಸ್ತೆಯಿಲ್ಲದ ಆ ಊರಿಗೆ ಸೋಲಾರ್ ಹಲಗೆ, ಇನ್ವರ್ಟರು, ಮಣಭಾರದ ಬ್ಯಾಟರಿ ಎಲ್ಲವೂ ಯಾಕ್‌ನ ಬೆನ್ನಿನ ಮೇಲೋ ಮನುಷ್ಯನ ಹಣೆಗೆ ಬಿಗಿದ ಪಟ್ಟಿಯ ಮೇಲೋ ಬಂದದ್ದು. ಏದುಸಿರು ಬಿಡುತ್ತ ಅದೇ ದಿಣ್ಣೆ ಹತ್ತಿ ಬಂದವನಿಗೆ ಆ ಬೆಲೆ ಯಾಕೆಂದು ಮೊಣಕಾಲೇ ಹೇಳುತ್ತದೆ.

ನಾಮ್ಚೆಯ ಕರೆಂಟು ಬರುವುದು ಥಾಮೆಯ ಕಡೆಯಿಂದ. ತೇನ್‌ಸಿಂಗ್ ಬಾಲ್ಯ ಕಳೆದ ಊರು ಅದು. ತೊಂಬತ್ತರ ದಶಕದಲ್ಲಿ ಆಸ್ಟ್ರಿಯಾದ ನೆರವಿನಿಂದ ಅಲ್ಲಿ ಕಟ್ಟಿದ ಪುಟ್ಟ ಜಲವಿದ್ಯುತ್ ಕೇಂದ್ರದ ಶಕ್ತಿ ಆರುನೂರು ಚಿಲ್ಲರೆ ಕಿಲೋವ್ಯಾಟ್. ನಾಮ್ಚೆ, ಖುಂಜುಂಗ್, ಖುಂಡೆಗಳ ದೀಪ ಉರಿಯುವುದು ಅದರಿಂದ. 2024ರ ಆಗಸ್ಟಿನಲ್ಲಿ ಮೇಲಿನ ಹಿಮಸರೋವರದ ಕಟ್ಟೆಯೊಡೆದು ಥಾಮೆಗೆ ನೀರು ನುಗ್ಗಿ ಮನೆಗಳು, ಶಾಲೆ ಕೊಚ್ಚಿಹೋದವು. ಇನ್ನೂ ಮೇಲಕ್ಕೆ, ಟೆಂಗ್‌ಬೊಚೆಯ ಬೌದ್ಧ ವಿಹಾರಕ್ಕೆ ಕರೆಂಟು ಬಂದ ಸ್ವಲ್ಪ ಸಮಯಕ್ಕೇ, 1989ರ ಜನವರಿಯಲ್ಲಿ, ಅದೇ ಕರೆಂಟಿನಿಂದ ಹೊತ್ತಿದ ಬೆಂಕಿಗೆ ಇಡೀ ವಿಹಾರ ಸುಟ್ಟುಹೋಗಿ ಮತ್ತೆ ಕಟ್ಟಬೇಕಾಯಿತು. ಆ ವಿಹಾರದ ಎದುರಿನ ಟೀ ಹೌಸಿನಲ್ಲಿ ಪ್ಲಗ್ ಚುಚ್ಚುವಾಗ ತುಸು ಮೆತ್ತಗೆ ಚುಚ್ಚಿದೆ. ಕಿಡಿ ಹಾರುವ ಸಡಿಲ ಪ್ಲಗ್ ಕಂಡರೆ ಈಗಲೂ ದೂರ ಸರಿಯುತ್ತೇನೆ.

ಇನ್ನು ಲೆಕ್ಕ. ಪವರ್ ಬ್ಯಾಂಕಿನ ಮೇಲೆ 20,000 ಎಂಎಎಚ್ ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ಫೋನಿನದು 5,000. ನಾಲ್ಕು ಸಲ ತುಂಬುತ್ತದೆ ಎಂದು ಅಂಗಡಿಯವನು ಹೇಳುತ್ತಾನೆ, ನಾವು ನಂಬುತ್ತೇವೆ. ಒಳಗಿನ ಬ್ಯಾಟರಿಯ ವೋಲ್ಟೇಜು 3.7, ಕೇಬಲ್ಲಿನಲ್ಲಿ ಹೊರಬರುವುದು ಕನಿಷ್ಠ 5. ಈ ಏರಿಳಿತದಲ್ಲಿ, ಶಾಖದಲ್ಲಿ ಒಂದಿಷ್ಟು ಸೋರಿ ಕೊನೆಗೆ ಫೋನಿಗೆ ದಕ್ಕುವುದು ಹನ್ನೆರಡು ಹದಿಮೂರು ಸಾವಿರದಷ್ಟು. ನಾಲ್ಕಲ್ಲ, ಎರಡೂವರೆ ಸಲ. ಇಪ್ಪತ್ತು ಸಾವಿರವನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್ ಅವರ್. ವಿಮಾನದಲ್ಲಿ ನೂರರವರೆಗೆ ಬಿಡುತ್ತಾರೆ, ಅದೂ ಕೈಚೀಲದಲ್ಲಿ ಮಾತ್ರ. ಲುಕ್ಲಾದ ಪುಟ್ಟ ವಿಮಾನದಲ್ಲಿ ಒಬ್ಬರಿಗೆ ದೊಡ್ಡ ಚೀಲ ಹತ್ತು ಕಿಲೋ, ಕೈಚೀಲ ಐದು ಕಿಲೋ. ಅಂದಮೇಲೆ ಪ್ರತಿ ಗ್ರಾಮಿಗೂ ಮನಸ್ಸಿನಲ್ಲಿ ಒಂದು ಕದನ. ಹೊರಡುವ ಮುಂಚೆ ಅಡುಗೆಮನೆಯ ತಕ್ಕಡಿಯ ಮೇಲೆ ಪವರ್ ಬ್ಯಾಂಕುಗಳನ್ನು ತೂಗುತ್ತ ಕೂತಿರುತ್ತೇನಲ್ಲ, ಪ್ರವಾಸ ನನ್ನ ಮಟ್ಟಿಗೆ ಶುರುವಾಗುವುದೇ ಅಲ್ಲಿ.

ತಂದದ್ದು ಇಷ್ಟು, ಮೇಲೆ ಸಿಗುವುದು ದುಬಾರಿ, ಆದ್ದರಿಂದ ಉಳಿಸಬೇಕು. ಇದರಲ್ಲಿ ನನಗೆ ಗುರು ನನ್ನ ಅಮ್ಮ. ಒಬ್ಬರ ಸಂಬಳದ ಮನೆಯಲ್ಲಿ ಇಪ್ಪತ್ತೆಂಟನೇ ತಾರೀಕು ನೆಂಟರು ಬಂದರೂ ಅವಳ ಡಬ್ಬಿಯಲ್ಲಿ ಕೇಸರಿಬಾತಿಗೆ ಬೇಕಾದಷ್ಟು ರವೆ, ಸಕ್ಕರೆ ಇದ್ದೇ ಇರುತ್ತಿತ್ತು. ಇದು ಜಿಪುಣತನ ಎಂದು ಆಗ ಅಂದುಕೊಂಡಿದ್ದೆವು. ಅದರಲ್ಲಿ ಅವಳಿಗೊಂದು ಒಳಗುಟ್ಟಿನ ಖುಷಿಯೂ ಇದ್ದಿರಬೇಕು ಎಂದು ಹೊಳೆದದ್ದು ಲೊಬುಚೆಯ ಚಳಿಯಲ್ಲಿ, ಮೂರು ದಿನದ ನಡಿಗೆಯ ಮೇಲೂ ಒಂದು ಪವರ್ ಬ್ಯಾಂಕಿನ ನಾಲ್ಕು ದೀಪವೂ ಉರಿದಾಗ.

ಉಳಿಸುವ ವಿದ್ಯೆಯ ಮೊದಲ ಪಾಠ ಏರೋಪ್ಲೇನ್ ಮೋಡ್. ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಫೋನು ಸುಮ್ಮನಿರುವುದಿಲ್ಲ. ಟವರು ಎಲ್ಲಿ, ಟವರು ಎಲ್ಲಿ ಎಂದು ಶಕ್ತಿಯೆಲ್ಲ ಹಾಕಿ ಕೂಗುತ್ತಲೇ ಇರುತ್ತದೆ. ಜೇಬಿನಲ್ಲಿ ಮುಟ್ಟದೆ ಇಟ್ಟ ಫೋನು ಮಧ್ಯಾಹ್ನಕ್ಕೆ ಅರ್ಧಕ್ಕಿಳಿಯುವುದು ಇದರಿಂದಲೇ. ಆ ಕೂಗು ನಿಲ್ಲಿಸಿದರೂ ಜಿಪಿಎಸ್ ಕೆಲಸ ಮಾಡುತ್ತದೆ ಎಂಬುದನ್ನು ಎಷ್ಟು ಹೇಳಿದರೂ ಜನ ನಂಬುವುದಿಲ್ಲ. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಗಳು ಹೇಳುತ್ತಿರುತ್ತವೆ, ಫೋನು ಬರೀ ಕೇಳಿಸಿಕೊಳ್ಳುತ್ತದೆ, ಮಾತಾಡುವ ಖರ್ಚಿಲ್ಲ. ಕಠ್ಮಂಡುವಿನ ಹೋಟೆಲಿನಲ್ಲೇ ನಕ್ಷೆ ಇಳಿಸಿಕೊಂಡಿದ್ದರೆ ಆಯಿತು, ಡುಘ್ಲಾದ ಏರಿನಲ್ಲೂ ನಾವಿರುವ ಜಾಗದಲ್ಲಿ ನೀಲಿ ಚುಕ್ಕೆ ಮಿನುಗುತ್ತದೆ. ಪರದೆಯ ಬೆಳಕನ್ನು ಕಣ್ಣು ಕಿರಿದು ಮಾಡಿ ಓದುವಷ್ಟಕ್ಕೆ ಇಳಿಸುವುದು, ಹಿನ್ನೆಲೆಯಲ್ಲಿ ಓಡುವ ಆ್ಯಪುಗಳ ಕತ್ತು ಹಿಸುಕುವುದು, ಇವೆಲ್ಲ ಎಲ್ಲರಿಗೂ ಗೊತ್ತಿರುವ ಪುಡಿ ಉಪಾಯ.

ಚಳಿಯ ವಿಚಾರ ಹಾಗಲ್ಲ, ಅದು ಸ್ವಾರಸ್ಯದ್ದು. ನಮ್ಮ ಜೇಬಿನಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಸೋನಿ ಕಂಪನಿಯಿಂದ. ಅದರ ಹಿಂದೆ ದುಡಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಈ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಬ್ಯಾಟರಿಯೊಳಗೆ ಲಿಥಿಯಂ ಅಯಾನುಗಳು ಒಂದು ದ್ರಾವಣದಲ್ಲಿ ಈ ದಡದಿಂದ ಆ ದಡಕ್ಕೆ ಈಜಬೇಕು. ಚಳಿಗೆ ದ್ರಾವಣ ಮಂದವಾಗಿ ಈಜು ನಿಧಾನವಾಗುತ್ತದೆ. ಒಳಗೆ ಸರಕಿದ್ದರೂ ಬೇಕಾದ ವೇಗದಲ್ಲಿ ಹೊರಗೆ ಬರುವುದಿಲ್ಲ, ವೋಲ್ಟೇಜು ಕುಸಿಯುತ್ತದೆ, ಫೋನು ‘ಮುಗಿಯಿತು’ ಎಂದು ಕಣ್ಣು ಮುಚ್ಚುತ್ತದೆ. ಕಾಲಾಪತ್ಥರ್ ಗುಡ್ಡದ ಮೇಲೆ ಬೆಳಗಿನ ಜಾವ ಇದೊಂದು ದೊಡ್ಡ ಪ್ರಹಸನ. ಕತ್ತಲಲ್ಲಿ ಹತ್ತಿ, ಸೂರ್ಯ ಎವರೆಸ್ಟಿನ ಹಿಂದಿನಿಂದ ಇಣುಕುವ ಹೊತ್ತಿಗೆ ಕೈಗವಸು ಕಿತ್ತು ಎಲ್ಲರೂ ಫೋನು ಎತ್ತುತ್ತಾರೆ. ಒಂದೆರಡು ಫೋಟೊ ಆಗುವುದರೊಳಗೆ ಮೂವತ್ತೈದು ಪರ್ಸೆಂಟಿದ್ದ ಫೋನುಗಳು ಪಟಪಟನೆ ಆರುತ್ತವೆ. ನಾನಾ ದೇಶದ ಭಾಷೆಗಳಲ್ಲಿ ಬೈಗುಳ ಕೇಳಿಬರುತ್ತದೆ. ಬಲ್ಲವರು ಬೈಯುವುದಿಲ್ಲ, ಫೋನನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತು ನಿಮಿಷ ಸುಮ್ಮನೆ ನಿಲ್ಲುತ್ತಾರೆ. ಬಿಸಿ ತಗುಲಿದ ಮೇಲೆ ಒತ್ತಿದರೆ ಕಳೆದುಹೋಗಿದ್ದ ಪರ್ಸೆಂಟೆಲ್ಲ ಹಾಜರ್. ಆ ಹತ್ತು ನಿಮಿಷ ಬರಿಗಣ್ಣಿನಿಂದ ನೋಡುವ ಭಾಗ್ಯವೂ ಸಿಗುತ್ತದೆ, ಅದು ಬೇರೆ ಮಾತು.

ಹೆಪ್ಪುಗಟ್ಟುವ ಚಳಿಯಲ್ಲಿ ಬ್ಯಾಟರಿಯನ್ನು ಬಳಸುವುದಕ್ಕಿಂತ ತುಂಬುವುದು ಅಪಾಯ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜು ಮಾಡಿದರೆ ಲಿಥಿಯಂ ಒಳಗೆ ಇಂಗುವ ಬದಲು ಲೋಹವಾಗಿ ಮೇಲೆಯೇ ಕೂರುತ್ತದೆ, ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ. ಹಾಗಾಗಿ ಮಲಗುವ ಚೀಲದೊಳಗೆ ನನ್ನ ಜೊತೆ ದೊಡ್ಡ ಸಂಸಾರವೇ ಇರುತ್ತದೆ: ಫೋನು, ಪವರ್ ಬ್ಯಾಂಕುಗಳು, ತಲೆದೀಪ, ಬೆಳಿಗ್ಗೆ ಹಾಕಿಕೊಳ್ಳುವ ಕಾಲುಚೀಲ. ಮಗ್ಗುಲು ಬದಲಿಸಿದರೆ ಯಾವುದೋ ಒಂದು ಪಕ್ಕೆಗೆ ತಿವಿಯುತ್ತದೆ. ಹೊರಗೆ ಕಿಟಕಿಯ ಗಾಜಿನ ಒಳಮೈಗೆ ಮಂಜುಗಡ್ಡೆ ಕಟ್ಟಿರುವಾಗ ಒಳಗೆ ಬೆಚ್ಚಗೆ ಫೋನಿಗೆ ಚಾರ್ಜು ಏರುತ್ತಿರುತ್ತದೆ. ಇದಕ್ಕಿಂತ ಸುಖ ನನಗೆ ಹಿಮಾಲಯದಲ್ಲಿ ಬೇರೆ ಸಿಕ್ಕಿಲ್ಲ.

ಬೆನ್ನಿನ ಮೇಲೆ ಸೋಲಾರ್ ಹಲಗೆ ಹರಡಿಕೊಂಡು ನಡೆಯುವವರೂ ಇದ್ದಾರೆ. ನೋಡಲು ಚೆಂದ, ನನಗೆ ಮಾತ್ರ ಅದರಲ್ಲಿ ನಂಬಿಕೆಯಿಲ್ಲ. ಹಲಗೆಗೆ ಬಿಸಿಲು ನೇರವಾಗಿ ಬೀಳಬೇಕು. ನಾವು ಬಡಗಣ ಹಿಮಾಲಯದ ಕಡೆ ಮುಖ ಮಾಡಿ ನಡೆಯುವಾಗ ಬೆನ್ನಿಗೆ ಬಿಸಿಲು ಬೀಳುತ್ತದೆ, ಸರಿ. ತಿರುವು ಬಂದರೆ ನೆರಳು, ಪೈನ್ ಮರ ಬಂದರೆ ನೆರಳು, ಮಧ್ಯಾಹ್ನವಾದರೆ ಮೋಡ. ಟೀ ಹೌಸಿನ ಅಂಗಳದಲ್ಲಿ ಒಂದು ದಿನ ಪೂರ್ತಿ ತಂಗಿದವರಿಗೆ ಅದು ಉಪಯೋಗಕ್ಕೆ ಬಂದೀತು. ನಡೆಯುವವನಿಗೆ ಅಲಂಕಾರ.

ಫೋನನ್ನೇ ಮನೆಯಲ್ಲಿ ಬಿಟ್ಟುಹೋಗಿ ಎಂದು ಉಪದೇಶ ಮಾಡುವವರದ್ದು ಇನ್ನೊಂದು ಪಂಗಡ. ಅವರನ್ನು ಕಂಡರೆ ನನಗೆ ಸಿಟ್ಟಿಲ್ಲ, ಆದರೆ ರಾತ್ರಿ ಕಕ್ಕಸಿನ ದಾರಿಗೆ ಟಾರ್ಚು ಬೇಕಾದಾಗ ಅವರು ನನ್ನ ಹತ್ತಿರವೇ ಬರುತ್ತಾರೆ. ಗೋರಕ್‌ಶೆಪ್‌ಗೆ 2010ರಲ್ಲೇ ಮೊಬೈಲ್ ಟವರು ಬಂದಿದೆ. ಅಲ್ಲಿಂದ ಒಂದು ನಿಮಿಷ ‘ಊಟ ಆಯ್ತಾ?’ ಎಂದು ಮನೆಯವರನ್ನು ಕೇಳಿದರೆ ಹಿಮಾಲಯದ ಪಾವಿತ್ರ್ಯ ಕೆಡುತ್ತದೆ ಎಂದು ನನಗನ್ನಿಸಿಲ್ಲ.

ಸಂಜೆಯ ಊಟದ ಕೋಣೆಯೇ ಈ ಕಲೆಯ ರಂಗಸ್ಥಳ. ಮರ ಬೆಳೆಯದ ಎತ್ತರವಾದ್ದರಿಂದ ನಡುವಿನ ಒಲೆಗೆ ಯಾಕ್ ಸಗಣಿಯ ಬೆರಣಿ. ಸುತ್ತ ಒದ್ದೆ ಕಾಲುಚೀಲ ಚಾಚಿದ ಜನ. ಗಲ್ಲಾದ ಪಕ್ಕ ಒಂದು ಎಕ್ಸ್‌ಟೆನ್ಷನ್ ಬಾಕ್ಸು, ಅದರಿಂದ ಇನ್ನೊಂದು, ಎಲ್ಲ ಕೇಬಲ್ಲೂ ಕರಿಯದೇ. ಟೀ ಹೌಸಿನ ದೀದಿ ಪ್ರತಿ ಫೋನಿಗೂ ಕಾಗದದ ಪಟ್ಟಿ ಅಂಟಿಸಿ ರೂಮ್ ನಂಬರ್ ಬರೆಯುತ್ತಾಳೆ. ಯಾರದ್ದು ತುಂಬಿತೋ ಅದನ್ನು ಕಿತ್ತು ಮುಂದಿನದಕ್ಕೆ ಜಾಗ ಕೊಡುವ ಅಧಿಕಾರ ಅವಳೊಬ್ಬಳದೇ. ಪಂಚತಾರಾ ಹೋಟೆಲಿನಲ್ಲಿ ಫೋನನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವವರೂ ಇಲ್ಲಿ ಅವಳ ಕೈಗೆ ಒಪ್ಪಿಸಿ ಮಲಗಲು ಹೋಗುತ್ತಾರೆ. ಮೋಡ ಕವಿದ ಒಂದು ಸಂಜೆ ನಾನು ಪವರ್ ಬ್ಯಾಂಕ್ ಹಿಡಿದು ನಿಂತಾಗ ಅವಳು ತಲೆಯಾಡಿಸಿ ಹಿಂದಿಯಲ್ಲಿ, ‘ಧೂಪ್ ನಹೀಂ, ತೊ ಚಾರ್ಜ್ ಭೀ ನಹೀಂ, ಭಾಯಿ’ ಎಂದಳು. ಬಿಸಿಲಿಲ್ಲ, ಚಾರ್ಜಿಲ್ಲ. ಬೆಂಗಳೂರಿನ ಯಾವ ಕಚೇರಿಯಲ್ಲೂ ಇಷ್ಟು ಚೊಕ್ಕ ಉತ್ತರ ನನಗೆ ಸಿಕ್ಕಿರಲಿಲ್ಲ.

ಹುಬ್ಬಳ್ಳಿಯ ಹುಡುಗನ ಪರಿಚಯವಾದದ್ದೂ ಅಂಥ ಕೋಣೆಯಲ್ಲೇ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿ ಎದ್ದು ಬಂದ. ‘ಸರ, ನಿಮ್ಮ ಕಡೆ ಟೈಪ್ ಸಿ ವಾಯರ್ ಐತೇನ್ರಿ? ನಂದು ಪೋರ್ಟರ್ ಚೀಲದಾಗ ಉಳದೈತ್ರಿ.’ ನನ್ನ ಬಳಿ ಕೇಬಲ್ಲು ಯಾವಾಗಲೂ ಎರಡು, ಎರಡೂ ಮೊಳಕ್ಕಿಂತ ಗಿಡ್ಡ. ಒಂದು ಕೊಟ್ಟೆ. ಅವನು ಕರದಂಟು ಕೊಟ್ಟ. ಅಲ್ಲಿಂದ ಮುಂದೆ ಇಬ್ಬರಿಗೂ ಒಂದೇ ಜಗಳ. ಅವನು ಇಪ್ಪತ್ತು ಸಾವಿರದ ಒಂದೇ ಪವರ್ ಬ್ಯಾಂಕಿನ ಪಕ್ಷ. ನಾನು ಹತ್ತು ಸಾವಿರದ ಎರಡರ ಪಕ್ಷ: ಒಂದು ದೀದಿಯ ಬಾಕ್ಸಿನಲ್ಲಿರುವಾಗ ಇನ್ನೊಂದು ನನ್ನ ಹಾಸಿಗೆಯಲ್ಲಿರುತ್ತದೆ, ಒಂದು ಕೆಟ್ಟರೆ ಇನ್ನೊಂದಿದೆ, ಚಿಕ್ಕದು ಬೇಗ ತುಂಬುತ್ತದೆ. ನನ್ನ ವಾದದಲ್ಲಿ ಲೋಪವೇ ಇಲ್ಲ ಎಂದು ಇಳಿಜಾರಿನುದ್ದಕ್ಕೂ ಸಾಧಿಸಿದೆ. ಅವನು, ‘ಹೌದ್ರಿ ಸರ, ಹೌದ್ರಿ’ ಎನ್ನುತ್ತ ಒಪ್ಪದೆ ನಡೆದ.

ಲುಕ್ಲಾದಲ್ಲಿ ಮಂಜು ಕವಿದು ವಿಮಾನ ತಡವಾಯಿತು. ಕೊನೆಗೆ ಕರೆ ಬಂದು ಚೀಲಗಳನ್ನು ತೂಕಕ್ಕಿಟ್ಟಾಗ ನನ್ನ ಕೈಚೀಲ ಐದು ಕಿಲೋಗಿಂತ ಕೂದಲೆಳೆಯಷ್ಟು ಮುಂದಿತ್ತು. ಹಿಂದೆ ನಿಂತಿದ್ದವನು ಇಣುಕಿ ನೋಡಿದ. ‘ಹತ್ತೂ ಹತ್ತೂ ಕೂಡಿದ್ರ ಇಪ್ಪತ್ತಕ್ಕಿಂತ ಜಾಸ್ತಿ ಆತಲ್ರೀ ಸರ!’

ನಾನು ಉತ್ತರ ಕೊಡದೆ ಒಂದು ಪವರ್ ಬ್ಯಾಂಕನ್ನು ಜಾಕೆಟಿನ ಜೇಬಿಗೆ ಇಳಿಸಿ, ಚೀಲವನ್ನು ಮತ್ತೆ ತಕ್ಕಡಿಯ ಮೇಲಿಟ್ಟೆ.