ಹದಿನಾಲ್ಕು ತಿರುವು, ಒಂದು ಮುಚ್ಚಳ

ಉಡುಪಿಯಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆ ಹೆಬ್ರಿಯವರೆಗೆ ಬಲು ಸಾಧು. ಮಣಿಪಾಲ, ಪರ್ಕಳ, ಹಿರಿಯಡ್ಕ, ಪೆರ್ಡೂರು ಎಂದು ಒಂದೊಂದೇ ಊರು ದಾಟುತ್ತ, ಗದ್ದೆ ತೋಟ ನೋಡುತ್ತ ಹಾಯಾಗಿ ಹೋಗಬಹುದು. ಹೆಬ್ರಿ ಕಳೆದು ಸೋಮೇಶ್ವರ ಬಂತೆಂದರೆ ಎದುರಿಗೆ ಪಶ್ಚಿಮ ಘಟ್ಟ ಹಸಿರು ಗೋಡೆಯಂತೆ ಎದ್ದು ನಿಲ್ಲುತ್ತದೆ. ಆ ಗೋಡೆಯ ನೆತ್ತಿಯ ಮೇಲೆ ಆಗುಂಬೆ. ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರ. ಅಲ್ಲಿಗೆ ಹತ್ತಲು 14 ಹೇರ್‌ಪಿನ್ ತಿರುವುಗಳು. ದೊಡ್ಡ ಲಾರಿಗಳಿಗೆ ಈ ಘಾಟಿಯಲ್ಲಿ ಪ್ರವೇಶವಿಲ್ಲ. ಗಿಡ್ಡ ದೇಹದ ಮಿನಿ ಬಸ್ಸುಗಳೇ ಇಲ್ಲಿನ ರಾಜರು.

ಆಗುಂಬೆಯಲ್ಲಿ ವರ್ಷಕ್ಕೆ ಸುರಿಯುವ ಮಳೆ ಸಾಮಾನ್ಯವಾಗಿ 7,000 ಮಿಲಿಮೀಟರ್ ದಾಟುತ್ತದೆ. ಇಷ್ಟು ನೀರಿನ ಊರಿನ ದಾರಿಯಲ್ಲೇ ನಮ್ಮ ಕಾರಿಗೆ ಬಾಯಾರಿಕೆ ಆಗಿದ್ದು!

ನಮ್ಮದು 1999ರ ಚಿಕ್ಕ ಬಿಳಿ ಕಾರು. ಕಳೆದ ಚಳಿಗಾಲದಲ್ಲಿ ಅದಕ್ಕೊಂದು ವಿಚಿತ್ರ ಕಾಯಿಲೆ ಶುರುವಾಯಿತು. ಎಂಜಿನ್ ತಂಪಾಗಿಡುವ ಹಸಿರು ದ್ರವ, ಅಂದರೆ ಕೂಲಂಟ್, ವಾರಕ್ಕೊಂದು ಬೆರಳಿನಷ್ಟು ಇಳಿಯುತ್ತಿತ್ತು. ಸೋರಿದ ಗುರುತು ಮಾತ್ರ ಎಲ್ಲಿಯೂ ಇಲ್ಲ. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಟ್ಟೆವು. ಬೆಳಿಗ್ಗೆ ಎದ್ದು ನೋಡಿದರೆ ರಟ್ಟು ಗರಿಗರಿ. ಏಳನೇ ತರಗತಿಯ ಮೊಮ್ಮಗಳು ಪುಟ್ಟಿ ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ, ದಿನವೂ ಬೆಳಿಗ್ಗೆ ಡಬ್ಬಿಯ ಮಟ್ಟ ಬರೆದಿಡತೊಡಗಿದಳು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ರೇಡಿಯೇಟರಿನ ಮುಚ್ಚಳ ತೆಗೆದು, ಆ ಜಾಗದಲ್ಲಿ ಸೈಕಲ್ ಪಂಪಿನಂಥ ಒಂದು ಉಪಕರಣ ಕೂರಿಸಿ ಗಾಳಿ ಒತ್ತಿದರು. ಕೆಳಗಿನ ರಬ್ಬರ್ ಪೈಪಿನ ತುದಿಯಲ್ಲಿ ಒಂದು ಹನಿ ಕಾಣಿಸಿತು. ಪೈಪು, ಕ್ಲಿಪ್ಪು ಎರಡನ್ನೂ ಬದಲಿಸಿ ಮತ್ತೆ ಒತ್ತಿದರು. ಈ ಸಲ ಮುಳ್ಳು ಕದಲಲಿಲ್ಲ. "ಇನ್ನು ತೊಂದರೆ ಇಲ್ಲ. ಆದರೂ ಹಳೇ ಗಾಡಿ ಅಲ್ವಾ, ಘಾಟಿ ಹತ್ತುವಾಗ ಮುಳ್ಳಿನ ಮೇಲೆ ಒಂದು ಕಣ್ಣಿರಲಿ" ಎಂದರು.

ಘಾಟಿ ಹತ್ತುವ ದಿನ ಬೇಗನೇ ಬಂತು. ತೀರ್ಥಹಳ್ಳಿ ನನ್ನ ಹೆಂಡತಿಯ ತವರು. ಅಲ್ಲಿ ಎಳ್ಳಮಾವಾಸ್ಯೆ ಜಾತ್ರೆ. ತುಂಗೆಯ ಮೇಲೆ ದೀಪದ ಸಾಲಿನ ನಡುವೆ ರಾಮೇಶ್ವರನ ತೆಪ್ಪೋತ್ಸವ. ಪುಟ್ಟಿ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಅಜ್ಜಿಗೋ, ಮೊಣಕಾಲಿನ ನೋವಿನಿಂದಾಗಿ ಐದು ವರ್ಷದಿಂದ ತಪ್ಪಿಹೋಗಿತ್ತು. "ಈ ಸಲ ನೋಡದಿದ್ದರೆ ಇನ್ನು ನನ್ನ ಕಾಲು ಯಾವ ವರ್ಷ ಒಪ್ಪುತ್ತದೋ" ಎಂದಿದ್ದಳು.

ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಡಿಕ್ಕಿಯಲ್ಲಿ ಐದು ಲೀಟರ್ ಡಿಸ್ಟಿಲ್ಡ್ ವಾಟರ್ ಇತ್ತು. ಹೆಬ್ರಿಯಲ್ಲಿ ಡಬ್ಬಿ ನೋಡಿದೆವು; ಮಟ್ಟ ಗೆರೆಯಲ್ಲೇ ಇತ್ತು. ಸೋಮೇಶ್ವರ ದಾಟಿ ಏರು ಶುರುವಾಯಿತು. ಎರಡನೇ ಗೇರು, ಒಮ್ಮೊಮ್ಮೆ ಒಂದನೇ ಗೇರು. ಪುಟ್ಟಿ ತಿರುವು ಎಣಿಸುತ್ತಿದ್ದಳು. "ಒಂಬತ್ತು!" ಎನ್ನುವಷ್ಟರಲ್ಲಿ ಟೆಂಪರೇಚರ್ ಮುಳ್ಳು ನಡುಗೆರೆ ದಾಟಿ ಮೇಲಕ್ಕೆ ಹೊರಟಿತು. ಕಿಟಕಿಯಿಂದ ಸಿಹಿ ವಾಸನೆ. ರಸ್ತೆ ಸ್ವಲ್ಪ ಅಗಲವಿದ್ದ ಕಡೆ ಅಂಚಿಗೆ ಸೇರಿಸಿ ಎಂಜಿನ್ ನಿಲ್ಲಿಸಿದೆ. ಚಕ್ರಕ್ಕೆ ಕಲ್ಲು ಕೊಟ್ಟೆ.

ಬಾನೆಟ್ ಎತ್ತಿದ ಕೂಡಲೇ ಪುಟ್ಟಿ ರೇಡಿಯೇಟರಿನ ಮುಚ್ಚಳದತ್ತ ಕೈ ಚಾಚಿದಳು. "ನೀರು ಹಾಕೋಣ ಅಜ್ಜಾ!" ಅಷ್ಟರಲ್ಲಿ ಅಜ್ಜಿ ಅವಳ ಮುಂಗೈ ಹಿಡಿದು ಹಿಂದಕ್ಕೆಳೆದಳು. "ಕೂಗುತ್ತಿರೋ ಕುಕ್ಕರಿನ ಮುಚ್ಚಳ ಯಾರಾದರೂ ತೆಗೀತಾರೇನೇ?"

ಮಕ್ಕಳೇ, ಅಜ್ಜಿಯ ಮಾತು ನೂರಕ್ಕೆ ನೂರು ಸರಿ. ರೇಡಿಯೇಟರ್ ಕೂಡ ಒಂದು ಕುಕ್ಕರೇ. ಆಗುಂಬೆಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಏರು ಹತ್ತುವ ಎಂಜಿನ್ನಿಗೆ ಅದು ಸಾಲದು. ಮುಚ್ಚಳದ ಒಳಗಿನ ಸ್ಪ್ರಿಂಗು ಒತ್ತಡ ಹಿಡಿದಿಟ್ಟರೆ ನೀರು 115 ಡಿಗ್ರಿಯಲ್ಲೂ ಕುದಿಯದೆ ಸುತ್ತುತ್ತಿರುತ್ತದೆ. ಬಿಸಿಯಿದ್ದಾಗ ಮುಚ್ಚಳ ತಿರುಗಿಸಿದಿರೋ, ಒತ್ತಡ ಒಮ್ಮೆಲೇ ಬಿಡುಗಡೆಯಾಗಿ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಹೀಗಾಗಿ ಕಾಯುವುದೇ ಕೆಲಸವಾಯಿತು. ಗಂಟೆ ಮೂರೂವರೆ. ಕಣಿವೆಯ ಕಡೆಯಿಂದ ತಂಪು ಗಾಳಿ. ಕೆಳಗೆ ಕಣ್ಣು ಹಾಯುವಷ್ಟು ದೂರ ಕಾಡು. ತಡೆಗೋಡೆಯ ಮೇಲೆ ಕೂತ ಮಂಗವೊಂದು ನಮ್ಮ ಚಕ್ಕುಲಿ ಡಬ್ಬಿಯನ್ನೇ ನೋಡುತ್ತಿತ್ತು. ಪುಟ್ಟಿ ನಿಮಿಷಕ್ಕೊಮ್ಮೆ ಗಡಿಯಾರ ನೋಡಿದಳು. ಅಜ್ಜಿ ಏನೂ ಹೇಳದೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

ಹತ್ತಿ ಬಂದ ಮಿನಿ ಬಸ್ಸು ನಿಂತಿತು. "ಎಂತ ಆಯ್ತು ಮಾರಾಯ್ರೆ? ನೀರು ಬೇಕಾ?" ಎಂದು ಚಾಲಕ ಕೇಳಿದರು. ಇದೆ ಎಂದೆ. "ಸೋರುವುದಾದರೆ ಒಂದು ಚಮಚ ಅರಿಶಿನ ಪುಡಿ ಹಾಕಿ, ಹಿಂದೆ ನಾವೆಲ್ಲ ಹಾಗೇ ಮಾಡ್ತಿದ್ದದ್ದು" ಎಂದು ನಗುತ್ತ ಹೇಳಿ ಹೊರಟರು. ಇದು ಹಳೆಯ ಡ್ರೈವರುಗಳ ಮದ್ದು. ಪುಡಿ ಹೋಗಿ ಸಣ್ಣ ತೂತಿನಲ್ಲಿ ಕೂರುತ್ತದೆ, ನಿಜ. ಆದರೆ ರೇಡಿಯೇಟರಿನ ಸಪೂರ ಕೊಳವೆಗಳಲ್ಲೂ ಕೂತುಬಿಡುತ್ತದೆ. ಒಂದು ರೋಗ ಗುಣಪಡಿಸಲು ಹೋಗಿ ಇನ್ನೊಂದನ್ನು ತಂದುಕೊಂಡಂತೆ.

ಮುಕ್ಕಾಲು ಗಂಟೆಯಾದ ಮೇಲೆ ಎಂಜಿನ್ ಮುಟ್ಟುವಷ್ಟು ತಣ್ಣಗಾಯಿತು. ಹೊಸ ಪೈಪು ಒಣಗಿತ್ತು. ಹಾಗಾದರೆ ನೀರು ಹೋದದ್ದೆಲ್ಲಿ? ಆಗ ಪುಟ್ಟಿ, "ಅಜ್ಜಾ, ಮುಚ್ಚಳದ ಕೆಳಗೆ ಏನೋ ಹಸಿರು ಉಪ್ಪಿನ ಹಾಗಿದೆ" ಎಂದಳು. ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ತೆಗೆದೆ. ಅಡಿಯ ರಬ್ಬರ್ ವಾಷರ್ ಹಳೆಯ ಚಪ್ಪಲಿಯಂತೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು.

ಒಗಟು ಬಿಡಿಸಿತು. ಮುಚ್ಚಳದ ಸಂದಿಯಿಂದ ಆವಿಯಾಗಿ ಹೋದದ್ದು ನೆಲಕ್ಕೆ ಬೀಳುವುದು ಹೇಗೆ? ಬಿಸಿಗೆ ಅಲ್ಲೇ ಆರಿ, ಹಸಿರು ಪುಡಿ ಮಾತ್ರ ಉಳಿದಿತ್ತು. ಎಂಜಿನ್ ತಣ್ಣಗಾದ ಮೇಲೆ ಒತ್ತಡವೇ ಇಲ್ಲ. ರಾತ್ರಿ ಹಾಸಿದ ರಟ್ಟು ಒದ್ದೆಯಾಗದಿದ್ದದ್ದು ಅದಕ್ಕೇ. ಗ್ಯಾರೇಜಿನ ಪಂಪು ಕೂತದ್ದು ಮುಚ್ಚಳದ ಜಾಗದಲ್ಲೇ. ಎಲ್ಲ ಕೊಳವೆಗಳ ಪರೀಕ್ಷೆಯಾಗುವಾಗ ಮುಚ್ಚಳ ಮಾತ್ರ ಹೊರಗೆ ಮೇಜಿನ ಮೇಲೆ ಆರಾಮವಾಗಿ ಕೂತಿತ್ತು!

ಡಿಸ್ಟಿಲ್ಡ್ ವಾಟರ್ ನಿಧಾನವಾಗಿ ಸುರಿದೆವು. ಸುಮಾರು ಒಂದು ಲೀಟರ್ ಹಿಡಿಯಿತು. ಕ್ಯಾನಿಗೆ ಬಾವಿ ನೀರು ತುಂಬಿಸಿಕೊಂಡರೆ ಸಾಲದೇ ಎಂದು ಹೊರಡುವಾಗ ಪುಟ್ಟಿ ಕೇಳಿದ್ದಳು. ಕಷ್ಟಕಾಲಕ್ಕೆ ಯಾವ ನೀರಾದರೂ ಸರಿಯೇ. ದಿನವೂ ಹಾಕಿದರೆ ಬಿಸಿನೀರಿನ ಹಂಡೆಯೊಳಗೆ ಕಟ್ಟುವ ಬಿಳಿ ಪದರದಂತೆ ಇಲ್ಲೂ ಕಟ್ಟುತ್ತದೆ. ಬಾನೆಟ್ ಅಂಚಿಗೆ ಸಿಡಿದಿದ್ದ ಕೂಲಂಟನ್ನು ಅಜ್ಜಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಳು. ಅದರಲ್ಲಿರುವ ಎಥಿಲಿನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಜೀವಕ್ಕೇ ಅಪಾಯ. ಮಕ್ಕಳಂತೂ ಮುಟ್ಟಲೇಬಾರದು.

ಮತ್ತೆ ಹೊರಟಾಗ ಏಸಿ ಬಂದ್, ಹೀಟರ್ ಚಾಲೂ, ಕಿಟಕಿ ಪೂರ್ತಿ ಕೆಳಗೆ. ಹೀಟರ್ ಎಂಜಿನ್ನಿನ ಬಿಸಿಯನ್ನೇ ಒಳಗೆ ತರುವುದರಿಂದ ಎಂಜಿನ್ನಿಗೆ ಅಷ್ಟು ಹೊರೆ ಕಡಿಮೆ. ನಾವು ಬೆವರಿದೆವು, ಕಾರು ತಣಿಯಿತು. ಉಳಿದ ಐದು ತಿರುವುಗಳನ್ನು ಆಮೆಯಂತೆ ಹತ್ತಿದೆವು. ಸೂರ್ಯಾಸ್ತ ನೋಡುವ ಕಟ್ಟೆಯ ಬಳಿ ಆಗಲೇ ಜನ ಸೇರತೊಡಗಿದ್ದರು. ಅಲ್ಲಿ ನಿಲ್ಲದೆ ಆಗುಂಬೆ ಪೇಟೆಯಲ್ಲಿ ಕಾಫಿ ಕುಡಿದು, ಕಾರು ಆರಿದ ಮೇಲೆ ಮಟ್ಟ ನೋಡಿ ಮುಂದುವರಿದೆವು. ಅಲ್ಲಿಂದ ತೀರ್ಥಹಳ್ಳಿಗೆ ಅಂಥ ದೊಡ್ಡ ಏರಿಲ್ಲ. ಮುಳ್ಳು ನಡುವೆಯೇ ನಿಂತಿತ್ತು.

ತುಂಗೆಯ ದಡ ತಲುಪಿದಾಗ ಕತ್ತಲಾಗಿತ್ತು. ತೆಪ್ಪ ಆಗಷ್ಟೇ ಹೊರಟಿತ್ತು. ಅಜ್ಜಿಗೆ ಮೆಟ್ಟಿಲಿಳಿಯಲು ಆಗಲಿಲ್ಲ. ಮೇಲೆಯೇ ಪುಟ್ಟಿಯ ಹೆಗಲು ಹಿಡಿದು ನಿಂತಳು. ಹೊಳೆಯ ನೀರಿನಲ್ಲಿ ದೀಪಗಳು ಎರಡೆರಡಾಗಿ ಕಂಡವು. ಪುಟ್ಟಿ ಪಟಾಕಿ ನೋಡುತ್ತಿದ್ದಳು, ಅಜ್ಜಿ ದೇವರನ್ನು ನೋಡುತ್ತಿದ್ದಳು, ನಾನು ಅವರಿಬ್ಬರನ್ನು.

ಮರುದಿನ ಬಿಡಿಭಾಗಗಳ ಅಂಗಡಿಯಲ್ಲಿ ಹಳೆಯ ಮುಚ್ಚಳ ತೋರಿಸಿ, ಅದರ ಮೇಲಿದ್ದ 0.9 ಎಂಬ ಒತ್ತಡದ ಅಂಕಿಯದ್ದನ್ನೇ ಕೇಳಿ ಕೊಂಡೆವು. ಬೆಲೆ ಇನ್ನೂರು ರೂಪಾಯಿಯ ಒಳಗೆ. ಊರಿಗೆ ಮರಳಿದ ಮೇಲೆ ಗ್ಯಾರೇಜಿನಲ್ಲಿ ಕೂಲಂಟನ್ನು ಸರಿಯಾದ ಪ್ರಮಾಣಕ್ಕೆ ತುಂಬಿಸಿದೆವು. ಪುಟ್ಟಿಯ ನೋಟ್‌ಬುಕ್ಕಿನಲ್ಲಿ ಆಮೇಲಿನ ಆರು ವಾರವೂ ಒಂದೇ ಮಾತು: "ಗೆರೆಯಲ್ಲೇ ಇದೆ."